ಪಾಠ ಒಂದು ಬಿಟ್ಟು

ವಕ್ಕಲೇರಿ, ಕೋಲಾರ ತಾಲ್ಲೂಕು
೧೩ ಏಪ್ರಿಲ್ ೨೦೨೫, ಭಾನುವಾರ

ಪ್ರೀತಿಯ ಅಮ್ಮಾ,

ನಿನ್ನ ಸಹನಳ ನಮಸ್ಕಾರಗಳು. ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಆ ಬಾಟಲಿ ಇನ್ನೂ ಚೀಲದಲ್ಲೇ ಇದೆಯೋ? ಚಿಕ್ಕಮ್ಮನ ಮುರಿದ ಕಾಲಿನ ಪಟ್ಟಿ ಬಿಚ್ಚಿದರಂತೆ, ಕೇಳಿ ಸಮಾಧಾನವಾಯಿತು. ಅವರ ಮಗಳೂ ಕೂಸೂ ಚೆನ್ನಾಗಿರಬೇಕು. ಸಂಕ್ರಾಂತಿ ಮುಗಿಸಿ ಬಾಣಂತನಕ್ಕೆಂದು ಪುಂಗನೂರಿನ ಬಸ್ಸು ಹತ್ತಿದವಳು ಯುಗಾದಿಗೂ ಬರಲಿಲ್ಲ. 'ನಿಮ್ಮಮ್ಮ ಬಾಣಂತನ ಮಾಡಾಕ್ ಹೋದ್ಲೋ, ತಾನೇ ಮಾಡಿಸ್ಕೊಳಾಕ್ ಹೋದ್ಲೋ' ಎಂದು ಅಪ್ಪ ದಿನಾ ರೇಗುತ್ತಾರೆ. ನೀನಿಲ್ಲದೆ ಬೇಜಾರು ಎಂದು ಹೇಳಲು ಅವರಿಗೆ ಬರುವ ದಾರಿ ಅದೊಂದೇ.

ಫೋನು ಇರುವಾಗ ಕಾಗದ ಯಾಕೆ ಎಂದು ನೀನು ಕೇಳುತ್ತೀಯ. ಆ ಮನೆಯಲ್ಲಿ ಫೋನು ನಿನ್ನ ಕೈಗೆ ಸಿಗುವ ಹೊತ್ತಿಗೆ ನಾಲ್ಕು ಜನರ ಕೈ ದಾಟಿರುತ್ತದೆ, ಸಿಕ್ಕ ಮೇಲೂ ಕೂಸು ಅಳುತ್ತಿರುತ್ತದೆ, 'ಊಟ ಆಯ್ತಾ' ಅನ್ನುವುದರಲ್ಲಿ ಮಾತು ಮುಗಿಯುತ್ತದೆ. ಇದು ಊಟದ ವಿಷಯವಲ್ಲ. ಇನ್ನೊಂದು ಮಾತು. ಕಾಗದ ನೋಡಿದ ಕೂಡಲೇ 'ನನಗೆಲ್ಲಿ ಓದಾಕ್ ಬರ್ತದೆ' ಎಂದು ಯಾರನ್ನಾದರೂ ಹುಡುಕಿಕೊಂಡು ಹೋಗಬೇಡ. ದಪ್ಪ ಅಕ್ಷರದಲ್ಲಿ ಬಿಡಿಸಿ ಬರೆದಿದ್ದೇನೆ. ವಾರಪತ್ರಿಕೆಯ ಧಾರಾವಾಹಿಯನ್ನು ಬೆರಳಿಟ್ಟುಕೊಂಡು ಓದುತ್ತೀಯಲ್ಲ, ಹಾಗೇ ಓದು. ಎರಡು ದಿನ ಹಿಡಿದರೆ ಹಿಡಿಯಲಿ.

ಮನೆ ಕಡೆ ಎಲ್ಲರೂ ಸೌಖ್ಯ, ಕೆಂಪಿ ಹಸುವೊಂದನ್ನು ಬಿಟ್ಟು. ನೀನು ಹೋದಾಗಿನಿಂದ ಅದು ಅಪ್ಪನಿಗೆ ನೀರು ಕುಡಿಸಿಬಿಟ್ಟಿದೆ. ಹಾಲು ಕರೆಯಲು ಚೊಂಬು ಹಿಡಿದು ಹೋದರೆ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿತ್ತು. 'ಸರಿಯೇ ಆ ಕಡೆ, ಸರಿಯೇ ತಾಯಿ' ಎಂದು ಅಪ್ಪ ಬೆನ್ನು ತಟ್ಟಿದರು, ಹಿಂಡಿ ಇಟ್ಟರು, ಬೈದರು. ಹಸು ಮಾತ್ರ ಒಂದು ಹೆಜ್ಜೆ ಕದಲಲಿಲ್ಲ. ಡೈರಿಗೆ ಹಾಲು ತಡವಾಗಿ ಹೋಗಿ ಸೆಕ್ರೆಟರಿಯಿಂದ ಮಾತು ಕೇಳಿಸಿಕೊಂಡು ಬಂದರು. ಈ ಕೆಂಪಿಯ ವಿಷಯ ಮುಂದೆ ಮತ್ತೆ ಬರುತ್ತದೆ, ಮರೆಯಬೇಡ.

ಈಗ ನನ್ನ ಸುದ್ದಿ. ಅಮ್ಮಾ, ಗೆದ್ದೆ. ಒಂಬತ್ತನೇ ಕ್ಲಾಸಿನ ಪವಿತ್ರ ಎನ್ನುವ ಹುಡುಗಿ ಈ ವಾರ ಪಾಸಾಗಿ ಹತ್ತಕ್ಕೆ ಹೋದಳು. ಯಾರದೋ ಮಗಳು ಪಾಸಾದರೆ ನಿನ್ನ ಮಗಳು ಯಾಕೆ ಹೀಗೆ ಕುಣಿಯುತ್ತಿದ್ದಾಳೆ ಎಂದು ತಿಳಿಯಬೇಕಾದರೆ ಮೊದಲಿನಿಂದ ಹೇಳಬೇಕು.

ಜೂನಿನಲ್ಲಿ ಕಾಲೇಜಿನವರು ತರಬೇತಿಗೆಂದು ನನ್ನನ್ನು ಮುಳಬಾಗಿಲಿನ ಹೈಸ್ಕೂಲಿಗೆ ಹಾಕಿದಾಗ ನೀನು ಓಣಿಯಲ್ಲೆಲ್ಲ 'ನಮ್ ಸಹನ ಹುಚ್ಚರ ಡಾಕ್ಟ್ರಾಗ್ತಾವ್ಳೆ' ಎಂದು ಸಾರಿಬಿಟ್ಟೆ. ಶಾಲೆಯಲ್ಲೂ ಬೇರೆ ಸ್ವಾಗತವೇನೂ ಸಿಗಲಿಲ್ಲ. ಹೆಡ್ ಮಾಸ್ಟರ್ ಮುನಿಕೃಷ್ಣಪ್ಪನವರು ನನಗೆಂದು ಕೊಟ್ಟದ್ದು ಆಟದ ಸಾಮಾನಿನ ಕೋಣೆ. ಒಂದು ಮೂಲೆಯಲ್ಲಿ ಹರಿದ ವಾಲಿಬಾಲ್ ನೆಟ್ಟು, ಇನ್ನೊಂದರಲ್ಲಿ ಬಿಸಿಯೂಟದ ಅಕ್ಕಿ ಮೂಟೆ, ನಡುವೆ ನಾನು. ಮಕ್ಕಳ ಮನಸ್ಸಿನ ಕಷ್ಟ ಕೇಳುವುದು, ಓದು ಹತ್ತದವರಿಗೆ ಏನು ತೊಡಕು ಎಂದು ಕಂಡುಹಿಡಿಯುವುದು ನನ್ನ ಕೆಲಸ. ಆದರೆ ಒಂದು ಮಗುವೂ ಹೊಸಿಲು ತುಳಿಯಲಿಲ್ಲ. ಆ ಕೋಣೆಗೆ ಹೋದವರಿಗೆ ಮೆಂಟಲ್ ಎಂದು ಹೆಸರಿಡುತ್ತಾರಂತೆ. ತಿಂಗಳುಗಟ್ಟಲೆ ನಾನು ಅಕ್ಕಿ ಮೂಟೆಗೇ ಸಮಾಧಾನ ಹೇಳುತ್ತಿದ್ದೆ ಅನ್ನು. ಕೊನೆಗೆ ಸಿಟ್ಟು ಬಂದು ಕೋಣೆಗೆ ಬೀಗ ಹಾಕಿ, ಮಧ್ಯಾಹ್ನ ಸೌಟು ಹಿಡಿದು ಸಾಂಬಾರು ಬಡಿಸಲು ನಿಂತೆ. ಆಗ ಗೊತ್ತಾಯಿತು ಆ ಶಾಲೆ ಏನು ಎಂದು. ಊಟದ ಸಾಲಿನಲ್ಲಿ ಒಬ್ಬಳು ತೆಲುಗಿನಲ್ಲಿ ಸಾಂಬಾರು ಕೇಳುತ್ತಾಳೆ, ಅವಳ ಹಿಂದಿನವಳು ಉರ್ದುವಿನಲ್ಲಿ ಬೇಡ ಅನ್ನುತ್ತಾಳೆ, ಮತ್ತೊಬ್ಬ ತಮಿಳಿನಲ್ಲಿ ನಗುತ್ತಾನೆ, ಬೈಗುಳ ಮಾತ್ರ ಎಲ್ಲ ಭಾಷೆಯದೂ ಎಲ್ಲರಿಗೂ ಬರುತ್ತದೆ. ಅಲ್ಲಿಂದ ಮಕ್ಕಳು ಒಬ್ಬೊಬ್ಬರೇ ನನ್ನ ಹತ್ತಿರ ನಿಂತು ಮಾತಾಡಲು ಶುರು ಮಾಡಿದರು.

ಡಿಸೆಂಬರಿನಲ್ಲಿ ಹೆಡ್ ಮಾಸ್ಟರೇ ಪವಿತ್ರಳನ್ನು ಕರೆದುಕೊಂಡು ಬಂದರು. ತಾಯಲೂರಿನ ಕಡೆಯ ಹುಡುಗಿ. ಅಪ್ಪ ನರಸಿಂಹಪ್ಪನಿಗೆ ಹಿಪ್ಪುನೇರಳೆ ತೋಟ ಇದೆ, ರೇಷ್ಮೆ ಹುಳು ಸಾಕುತ್ತಾರೆ. ಮಣಿಮಣಿಯಾದ ಅಕ್ಷರ. ಓದು ಅಂದರೆ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಾಳೆ. ಆದರೆ ಓದಿದ್ದರಲ್ಲಿ ಏನಿದೆ ಎಂದು ಕೇಳಿದರೆ ನೆಲ ನೋಡುತ್ತಾಳೆ, ಪರೀಕ್ಷೆಯಲ್ಲಿ ಪ್ರಶ್ನೆಯನ್ನೇ ಅಂದವಾಗಿ ನಕಲು ಮಾಡಿ ಬರುತ್ತಾಳೆ. ಅಂಗಳದಲ್ಲಿ ಗೆಳತಿಯರ ಜೊತೆ ಬಾಯಿ ಮುಚ್ಚದ ಹುಡುಗಿ ಕ್ಲಾಸಿನೊಳಗೆ ಕಲ್ಲು. 'ಮಂದ ಕಣಮ್ಮ. ಹತ್ತಕ್ಕೆ ಕಳಿಸಿದ್ರೆ ಅವಳಿಗೂ ಕಷ್ಟ, ನಮ್ಗೂ ಕಷ್ಟ. ನೀನೊಂದು ಪರೀಕ್ಷೆ ಮಾಡಿ ಬರ್ಕೊಡು, ಅವರಪ್ಪಂಗೆ ಹೇಳಾಕ್ ನಮ್ಗೂ ಒಂದು ಆಧಾರ ಇರ್ತದೆ' ಎಂದರು. ಕೆಟ್ಟವರಲ್ಲ ಅಮ್ಮಾ, ಸುಸ್ತಾದ ಮನುಷ್ಯ. ನರಸಿಂಹಪ್ಪನೂ ಮಗಳನ್ನು ಹೊಡೆಯುವವನಲ್ಲ, ಬೈಯುವವನಲ್ಲ. ಅವನು ಹೇಳಿದ್ದು ಇಷ್ಟೇ. 'ತಲೆಗೆ ಹತ್ತದ್ ಮೇಲೆ ದಿನಾ ಯಾಕ್ ಬೈಸ್ಕೋಬೇಕು ಮೇಡಮ್ ನನ್ ಮಗ್ಳು? ಮನೇಲಿದ್ದು ಹುಳ ನೋಡ್ಕೊಳ್ಳಿ. ನೀವೊಂದ್ ಮಾತು ಬರ್ದ್ ಕೊಟ್ರೆ ಬಿಡಿಸ್ಬಿಡ್ತೀನಿ.' ಅಂದರೆ ಆ ಹುಡುಗಿಯ ಓದು ನಾನು ಬರೆಯುವ ಒಂದು ಮಾತಿನ ಮೇಲೆ ನಿಂತಿತ್ತು.

ಪರೀಕ್ಷೆ ಮಾಡಿದೆ. ನಮ್ಮ ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವುದು ಒಂದು ಭಾಗ, ಬಣ್ಣದ ಮರದ ತುಂಡುಗಳನ್ನು ಚಿತ್ರದಲ್ಲಿರುವ ಹಾಗೆ ಜೋಡಿಸುವುದು ಇನ್ನೊಂದು ಭಾಗ. ಪ್ರಶ್ನೆಗಳಲ್ಲಿ ಪವಿತ್ರ ಪಾತಾಳಕ್ಕೆ ಹೋದಳು. ಮರದ ತುಂಡು ಕೊಟ್ಟರೆ ನಾನು ಚಿತ್ರ ತೋರಿಸಿ ಕೈ ತೆಗೆಯುವ ಮೊದಲೇ ಜೋಡಿಸಿ ಇಟ್ಟಳು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಹಣ್ಣಾದ ಹುಳು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟು ಅಭ್ಯಾಸ, ಕೈ ಚುರುಕು, ಅಷ್ಟೇ ಎಂದುಕೊಂಡೆ. ನೋಡು, ಎಷ್ಟು ಜಾಣತನದಿಂದ ತಪ್ಪು ಮಾಡಿದೆ. ಸಂಕ್ರಾಂತಿ ಕಳೆದು ಎರಡು ವಾರದ ಮೇಲೆ ಒಂದು ಶನಿವಾರಕ್ಕೆ ಹೆಡ್ ಮಾಸ್ಟರ್ ನರಸಿಂಹಪ್ಪನನ್ನು ಬರಹೇಳಿದರು. ವರದಿ ಬರೆಯುವುದೊಂದು ಬಾಕಿ ಇತ್ತು. ಬರೆಯಲು ಕೂತರೆ ಕೈ ಓಡಲಿಲ್ಲ, ಮಾಡಿದ ಲೆಕ್ಕದಲ್ಲಿ ಮಾತ್ರ ತಪ್ಪೇನೂ ಕಾಣಲಿಲ್ಲ.

ಆಗ ಬಂತು ನಮ್ಮ ಕೆಂಪಿ. ಆ ವಾರ ಒಂದು ಬೆಳಿಗ್ಗೆ ಅಪ್ಪ ಎಂದಿನಂತೆ ಕೊಟ್ಟಿಗೆಯಲ್ಲಿ 'ಸರಿಯೇ, ಸರಿಯೇ' ಎಂದು ಗೋಗರೆಯುತ್ತಿದ್ದರು. ನನಗೆ ಬಸ್ಸಿಗೆ ಹೊತ್ತಾಗಿತ್ತು. ರೇಗಿ ಹೋಗಿ, ನೀನು ಅನ್ನುವ ಹಾಗೆ 'ಏಮೇ, ಪಕ್ಕಕಿ ಜರುಗು' ಎಂದೆ. ಕೆಂಪಿ ಕಿವಿ ಅಲ್ಲಾಡಿಸಿ, ಮರ್ಯಾದಸ್ಥರ ಮನೆ ಸೊಸೆಯ ಹಾಗೆ ಪಕ್ಕಕ್ಕೆ ಸರಿದು ನಿಂತಿತು. ಅಪ್ಪ ಚೊಂಬು ಹಿಡಿದುಕೊಂಡು ನನ್ನ ಮುಖ ನೋಡಿದರು. ನೀನು ಅದನ್ನು ಸಾಕಿದ್ದು, ಬೈದದ್ದು, ಮುದ್ದು ಮಾಡಿದ್ದು ಎಲ್ಲ ತೆಲುಗಿನಲ್ಲೇ ತಾನೇ? ಅದಕ್ಕೆ ಕನ್ನಡ ಬಾರದು ಎನ್ನುವುದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಈಗ ಅಪ್ಪನೂ ದಿನಾ ತೆಲುಗಿನಲ್ಲೇ ಬೇಡಿಕೊಳ್ಳುತ್ತಾರೆ, ಡೈರಿಗೆ ಹಾಲು ಸಕಾಲಕ್ಕೆ ಹೋಗುತ್ತದೆ.

ಕೋಲಾರದಲ್ಲಿ ಬಸ್ಸು ಬದಲಾಯಿಸಿ, ಟೊಮೇಟೊ ಕ್ರೇಟಿನ ಲಾರಿಗಳ ಹಿಂದೆ ತೆವಳುತ್ತಾ ಮುಳಬಾಗಿಲು ಸೇರುವವರೆಗೆ ಕೆಂಪಿ ಪಕ್ಕಕ್ಕೆ ಸರಿದದ್ದೇ ಕಣ್ಣ ಮುಂದೆ. ನರಸಿಂಹದೇವರ ಬೆಟ್ಟವೋ ಬೇರೆ ಬೆಟ್ಟವೋ ಏನು ದಾಟಿದೆವು ಎಂದೂ ನೋಡಲಿಲ್ಲ. ಇಳಿದವಳೇ ಪವಿತ್ರಳನ್ನು ಹುಡುಕಿ, ಏಳನೇ ಕ್ಲಾಸಿನವರೆಗೆ ಎಲ್ಲಿ ಓದಿದ್ದು ಎಂದು ಕೇಳಿದೆ. ಆಂಧ್ರದಲ್ಲಿ, ಪುಂಗನೂರಿನ ಕಡೆ ಅಜ್ಜಿ ಮನೆಯಲ್ಲಿ, ತೆಲುಗು ಶಾಲೆಯಲ್ಲಿ. ಅಜ್ಜಿ ತೀರಿಕೊಂಡ ಮೇಲೆ ಅಪ್ಪ ಕರೆತಂದು ಎಂಟಕ್ಕೆ ಇಲ್ಲಿ ಸೇರಿಸಿದ್ದು, ಮನೆಮಾತೂ ತೆಲುಗೇ. ಅಮ್ಮಾ, ಇದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ, ಎಲ್ಲ ಮೇಷ್ಟ್ರಿಗೂ ಗೊತ್ತಿತ್ತು. ಗೊತ್ತಿದ್ದೂ ಯಾರಿಗೂ ತಟ್ಟಿರಲಿಲ್ಲ. ಯಾಕೆಂದರೆ ಆ ಊರಿನಲ್ಲಿ ಎಲ್ಲರಿಗೂ ಎರಡೂ ಭಾಷೆ ಬರುತ್ತದೆ. ಅರ್ಧ ಮಾತು ಕನ್ನಡ, ಇನ್ನರ್ಧ ತೆಲುಗು, ಯಾವುದು ಎಲ್ಲಿ ಮುಗಿಯಿತೆಂದು ಆಡುವವರಿಗೇ ತಿಳಿಯದು. ಒಂದೇ ಭಾಷೆ ಬರುವ ಮಗುವೂ ಒಂದು ಇರಬಹುದು ಎಂದು ಅವರಿಗೆ ತೋಚುವುದಾದರೂ ಹೇಗೆ? ಮೇಲಾಗಿ ಎರಡರ ಅಕ್ಷರವೂ ಅಕ್ಕತಂಗಿಯರಂತೆ ಇವೆ. ತೆಲುಗು ಕಲಿತವಳು ನಾಲ್ಕು ದಿನದಲ್ಲಿ ಕನ್ನಡವನ್ನು ಗಟ್ಟಿಯಾಗಿ ಓದಿಬಿಡುತ್ತಾಳೆ, ಅರ್ಥ ಮಾತ್ರ ಆಗುವುದಿಲ್ಲ. ಓದುತ್ತಾಳೆ, ಬರೆಯುತ್ತಾಳೆ, ಆದರೂ ಉತ್ತರ ಬಾರದು, ಹಾಗಾದರೆ ದಡ್ಡಿ. ನಾನು ಮಾಡಿದ್ದೂ ಅದೇ. ಪ್ರಶ್ನೆಗಳನ್ನೆಲ್ಲ ಅಚ್ಚುಕಟ್ಟಾದ ಕನ್ನಡದಲ್ಲಿ ಕೇಳಿ, ಪ್ರತಿಯೊಂದಕ್ಕೂ ಅವಳು 'ಹೂಂ ಮೇಡಮ್' ಅಂದಾಗ ಅರ್ಥವಾಗಿದೆ ಎಂದು ಬಗೆದಿದ್ದೆ.

ಅಂದು ಮಧ್ಯಾಹ್ನ ಅಕ್ಕಿ ಮೂಟೆಯ ಮೇಲೆ ಅವಳನ್ನು ಕೂರಿಸಿಕೊಂಡು ವಿಜ್ಞಾನದ ಒಂದು ಪಾಠವನ್ನು ನಿನ್ನಿಂದ ಬಂದ ಅರೆಬರೆ ತೆಲುಗಿನಲ್ಲಿ ಹೇಳಿದೆ. ಶಬ್ದ ಹೇಗೆ ಹರಿಯುತ್ತದೆ ಎನ್ನುವ ಪಾಠ. ನಾನು ಹೇಳಿ ಮುಗಿಸಿದ ಮೇಲೆ ಅವಳು ಮೂಟೆಯ ಹೊಲಿಗೆಯ ದಾರ ಎಳೆಯುತ್ತಾ ಕೂತಳು. ಹೋಯಿತು, ಇದೂ ಇಲ್ಲ ಎಂದುಕೊಳ್ಳುವಷ್ಟರಲ್ಲಿ ತೆಲುಗಿನಲ್ಲಿ ಕೇಳಿದಳು, ಹುಳು ಸೊಪ್ಪು ಮೇಯುವಾಗ ಮಳೆ ಬಂದ ಹಾಗೆ ಸದ್ದು ಬರುತ್ತದಲ್ಲ ಮೇಡಮ್, ಒಂದೊಂದು ಹುಳುವಿನ ಸದ್ದು ಕೇಳದಿದ್ದರೂ ಎಲ್ಲ ಸೇರಿದಾಗ ಯಾಕೆ ಕೇಳುತ್ತದೆ ಎಂದು. ದಡ್ಡಿ ಕೇಳುವ ಪ್ರಶ್ನೆಯೇ ಇದು? ನನಗೆ ಅಳು ಬಂತು. ಅವಳೆದುರು ಅಳಬಾರದು ಎಂದು ವಾಲಿಬಾಲ್ ನೆಟ್ಟು ಮಡಿಚುವವಳ ಹಾಗೆ ಮೂಲೆಗೆ ಹೋದೆ. ಸಂಜೆ ನಮ್ಮ ಕಾಲೇಜಿನ ಸುನಂದ ಮೇಡಮ್ಮಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ನನ್ನ ಕೆಲಸ ತಿದ್ದುವವರು, ಸುಮ್ಮಸುಮ್ಮನೆ ಹೊಗಳುವವರಲ್ಲ. 'ಮಗುಗೆ ಗೊತ್ತಿಲ್ಲದ ಭಾಷೇಲಿ ತೆಗೆದ ಅಂಕಿ ಅಂಕಿನೇ ಅಲ್ಲ, ಅದನ್ನ ಬಿಡು. ನೀನೇ ಅನುವಾದ ಮಾಡಿ ಹೊಸ ಅಂಕಿನೂ ಕೊಡ್ಬೇಡ. ಏನು ಕಂಡೆಯೋ ಅದನ್ನ ಬರಿ, ಆಮೇಲೆ ಅವರಿಗೂ ಕಾಣೋ ಹಾಗೆ ಮಾಡು' ಎಂದರು.

ಶನಿವಾರ ನರಸಿಂಹಪ್ಪ ಟಿ.ವಿ.ಎಸ್. ಗಾಡಿಯಲ್ಲಿ ಬಂದ. ಹಿಂದೆ ಒಂದು ಗೊಬ್ಬರದ ಚೀಲ ಕಟ್ಟಿತ್ತು. ಒಳಗೆ ಮಗಳ ಪುಸ್ತಕಗಳೆಲ್ಲ, ಶಾಲೆಗೆ ವಾಪಸು ಕೊಟ್ಟು ಹೋಗಲು. ಚೀಲ ನೋಡಿ ಪವಿತ್ರಳ ಮುಖ ಸುಣ್ಣದ ಹಾಗಾಯಿತು. ಹೆಡ್ ಮಾಸ್ಟರ್ ಕೋಣೆಯಲ್ಲಿ ನಾವು ನಾಲ್ವರೇ. ನನ್ನ ವರದಿ ಓದಿ ಮುನಿಕೃಷ್ಣಪ್ಪನವರು ಕನ್ನಡಕ ತೆಗೆದಿಟ್ಟರು. 'ಭಾಷೆ ಅಂತೀಯಲ್ಲಮ್ಮ, ಈ ಊರಲ್ಲಿ ಯಾರಿಗ್ ಬರಲ್ಲ ಭಾಷೆ?' ಎಂದರು. ನನ್ನ ಬಾಯಿ ನಿನ್ನದೇ ತಾನೇ, ಸುಮ್ಮನಿರಲಿಲ್ಲ. ಅವಳು ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಬಿಟ್ಟುಬಂದ ಯಾವುದಾದರೂ ಒಂದು ಲೆಕ್ಕ ತೆಗೆದು ತೆಲುಗಿನಲ್ಲಿ ಕೇಳಿ ಸಾರ್ ಎಂದೆ. ಅವರು ಗಣಿತದ ಮೇಷ್ಟ್ರು. ಉದ್ದದ ಲೆಕ್ಕವೊಂದನ್ನು ಆರಿಸಿದರು. ತಂದೆಯ ವಯಸ್ಸು ಮಗಳ ವಯಸ್ಸಿನ ಮೂರರಷ್ಟು, ಹದಿನೈದು ವರ್ಷದ ನಂತರ ಎರಡರಷ್ಟೇ ಆಗುತ್ತದೆ, ಈಗ ಇಬ್ಬರ ವಯಸ್ಸೆಷ್ಟು? ಅದನ್ನೇ ತೆಲುಗಿನಲ್ಲಿ ಕೇಳಿದರು. ಪವಿತ್ರ ಎಂದಿನಂತೆ ನೆಲ ನೋಡಿದಳು. ನರಸಿಂಹಪ್ಪ ಚೀಲದ ಬಾಯಿ ಹಿಡಿದುಕೊಂಡು ಎದ್ದು ನಿಂತ. ನಾನು ಮನಸ್ಸಿನಲ್ಲೇ ನಮ್ಮ ಮನೆದೇವರಿಗೆಲ್ಲ ಹರಕೆ ಕಟ್ಟಿಕೊಂಡೆ. ಅವಳು ನೆಲದ ಮೇಲೆ ಹೆಬ್ಬೆರಳಿನಿಂದ ಏನೋ ಗೀಚಿ, ತಲೆ ಎತ್ತಿ, 'ನಾಯನಕಿ ನಲಭೈ ಅಯಿದು, ಕೂತುರಿಕಿ ಪದಿಹೇನು' ಎಂದಳು. ಅಪ್ಪನಿಗೆ ನಲವತ್ತೈದು, ಮಗಳಿಗೆ ಹದಿನೈದು. ಹೆಡ್ ಮಾಸ್ಟರ್ ಸರಿ ಅನ್ನುವ ಮೊದಲೇ ನರಸಿಂಹಪ್ಪ, 'ಸರಿಯಾಗೈತೆ ಸಾರ್, ನನಗೆ ನಲವತ್ತೈದೇ' ಎಂದ. ಅವನು ತನ್ನ ವಯಸ್ಸನ್ನೇ ಕೇಳುತ್ತಿದ್ದಾರೆ ಎಂದು ತಿಳಿದಿದ್ದ. ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಮುನಿಕೃಷ್ಣಪ್ಪನವರು ಇನ್ನೊಂದು ಲೆಕ್ಕ ಕೇಳಿದರು, ಮತ್ತೊಂದು ಕೇಳಿದರು. ಒಂದರಲ್ಲಿ ತಪ್ಪಿದಳು, ತಾನೇ ತಿದ್ದಿಕೊಂಡಳು. ಅವರು ಪ್ರಶ್ನೆಪತ್ರಿಕೆಯನ್ನು ಮಡಿಚಿಟ್ಟರು. ಕೊನೆಗೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು, 'ಹೋದ ವರ್ಷದಿಂದ ಈ ಹುಡ್ಗಿಗೆ ನಾನು ತೆಲುಗಲ್ಲೇ ಬೈದಿದೀನಿ ಕಣಮ್ಮ. ತೆಲುಗಲ್ಲೇ ಹೊರಗ್ ನಿಲ್ಸಿದೀನಿ. ನಗ್ಸಿದ್ರೂ ತೆಲುಗಲ್ಲೇ. ಪಾಠ ಒಂದು ಬಿಟ್ಟು.' ನರಸಿಂಹಪ್ಪನಿಗೆ ಏನಾಯಿತೆಂದು ಪೂರ್ತಿ ಅರ್ಥವಾಗಲಿಲ್ಲ, ಮಗಳು ಗೆದ್ದಳೆಂದು ಮಾತ್ರ ಆಯಿತು. ಚೀಲವನ್ನು ಮತ್ತೆ ಟಿ.ವಿ.ಎಸ್.ಗೆ ಬಿಗಿಯಾಗಿ ಕಟ್ಟಿ, ಪುಸ್ತಕ ಜಾರದಂತೆ ಮಗಳನ್ನು ಅದರ ಹಿಂದೆ ಕೂರಿಸಿಕೊಂಡು ಹೋದ.

ಸೋಮವಾರದಿಂದ ಊಟದ ಬಿಡುವಿನಲ್ಲಿ ನಮ್ಮ ಕೋಣೆಯಲ್ಲಿ ಪಾಠ. ಮೊದಲು ತೆಲುಗಿನಲ್ಲಿ ವಿಷಯ, ಆಮೇಲೆ ಅದೇ ವಿಷಯಕ್ಕೆ ಕನ್ನಡದ ಮಾತುಗಳು. ಕನ್ನಡ ಮೇಷ್ಟ್ರು ಮೊದಲು ಗೊಣಗಿದರು, ಆಮೇಲೆ ತಾವೇ ಬಂದು ಕೂತರು. ಪವಿತ್ರಳಂಥವರು ಇನ್ನೂ ಕೆಲವರು ಹೊರಬಿದ್ದರು. ಉರ್ದು ಮನೆಯ ಮಕ್ಕಳಿಗೆ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಸಹಾಯಕ್ಕೆ ನಿಂತಳು, ಅವಳ ಮುಂದೆ ನಾನೂ ಬೆಂಚಿನಲ್ಲಿ ಕೂತು ಕಲಿತೆ. ಹುಚ್ಚರ ಕೋಣೆ ಎನ್ನುತ್ತಿದ್ದ ಜಾಗದಲ್ಲಿ ಈಗ ಕಾಲಿಡಲು ಜಾಗವಿಲ್ಲ, ಅಕ್ಕಿ ಮೂಟೆಯನ್ನೇ ಅಡುಗೆಮನೆಗೆ ಸಾಗಿಸಿದ್ದೇವೆ. ಈ ವಾರ ಫಲಿತಾಂಶ ಬಂತು. ಪವಿತ್ರ ಗಣಿತದಲ್ಲಿ ಕ್ಲಾಸಿಗೆ ಎರಡನೆಯವಳು. ಕನ್ನಡದಲ್ಲಿ ದಡ ಮುಟ್ಟಿದ್ದಾಳೆ, ಸಾಕು, ಈಜು ಕಲಿತಾಯಿತಲ್ಲ. ಹೆಡ್ ಮಾಸ್ಟರ್ ಎಲ್ಲ ಪೋಷಕರ ಎದುರು ನನ್ನನ್ನು ವೇದಿಕೆಗೆ ಕರೆದರು. ಮುಂದಿನ ವರ್ಷವೂ ಈ ಮೇಡಮ್ಮನ್ನು ನಮಗೇ ಕೊಡಿ ಎಂದು ಕಾಲೇಜಿಗೆ ಬರೆದಿದ್ದಾರಂತೆ. ಸುನಂದ ಮೇಡಮ್ ನನ್ನ ಕೆಲಸವನ್ನು ಹೊಸ ಹುಡುಗಿಯರಿಗೆ ಪಾಠ ಮಾಡುತ್ತಾರಂತೆ. ಜಂಬ ಅನ್ನಬೇಡ ಅಮ್ಮಾ. ಜಂಬವೇ, ಒಪ್ಪಿಕೊಂಡೆ. ನಿನಗಲ್ಲದೆ ಯಾರಿಗೆ ಹೇಳಿಕೊಳ್ಳಲಿ?

ಅಪ್ಪ ಕೊಟ್ಟಿಗೆಯಿಂದ ಕೂಗುತ್ತಿದ್ದಾರೆ, ಕೆಂಪಿಯ ಹತ್ತಿರ ಅವರ ತೆಲುಗು ಖಾಲಿಯಾಗಿರಬೇಕು. ಶ್ರೀನಿವಾಸಪುರದ ಮಾವಿನಕಾಯಿ ಸಂತೆಗೆ ಬರಲು ಶುರುವಾಗಿದೆ, ಉಪ್ಪಿನಕಾಯಿ ಹೊತ್ತಿಗೆ ಬಂದುಬಿಡು. ಚಿಕ್ಕಮ್ಮನಿಗೆ ನನ್ನ ನಮಸ್ಕಾರ, ಕೂಸಿನ ಎರಡೂ ಕೆನ್ನೆಗೆ ಮುತ್ತು. ಮಂಡಿಗೆ ಎಣ್ಣೆ ಮರೆಯಬೇಡ.

ಇಂತಿ ನಿನ್ನ ಜಂಬದ ಮಗಳು,
ಸಹನ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಇದಿಷ್ಟು. ಅಮ್ಮಾ, ಆ ಶನಿವಾರ ಪವಿತ್ರ ನೆಲ ನೋಡುತ್ತಾ ನಿಂತಾಗ ನನಗೆ ನೀನೇ ಕಂಡೆ. ಪುಂಗನೂರಿನಲ್ಲಿ ಆರನೇ ಕ್ಲಾಸು ಮುಗಿಸಿ ತಾಯಲೂರಿನ ಸೋದರಮಾವನ ಮನೆಗೆ ಬಂದವಳು ನೀನು. ಕನ್ನಡ ಶಾಲೆಗೆ ಹಾಕಿ, ವರ್ಷ ತುಂಬುವ ಮೊದಲೇ ಬಿಡಿಸಿದರು. 'ನನ್ ತಲೆಗೆ ಹತ್ಲಿಲ್ಲ ಕಣೇ, ನಾನ್ ದಡ್ಡಿ' ಎಂದು ನನಗೆ ಬುದ್ಧಿ ಬಂದಾಗಿನಿಂದ ಹೇಳುತ್ತಲೇ ಬಂದಿದ್ದೀಯ. ನಾನು ಚಿಕ್ಕವಳಿದ್ದಾಗ ಒಮ್ಮೆ ಬಸ್ಸು ಗಡಿಯ ನಂಗಲಿ ದಾಟಿ ಬೋರ್ಡುಗಳೆಲ್ಲ ತೆಲುಗಾದಾಗ ನೀನು ಕಿಟಕಿಯಿಂದ ಒಂದೂ ಬಿಡದೆ ಓದುತ್ತಾ ಹೋದೆ, ಓಡುವ ಬಸ್ಸಿನಲ್ಲಿ, ಬೆರಳಿಡದೆ. ನಿನ್ನನ್ನು ಹಾಗೆ ನಾನು ಮತ್ತೆಂದೂ ನೋಡಿಲ್ಲ. ಮೇಲಿನ ಇಷ್ಟುದ್ದ ಕಥೆ ಬರೆದದ್ದು ಈ ಒಂದು ಮಾತಿಗೆ: ನೀನು ಯಾವತ್ತೂ ದಡ್ಡಿಯಾಗಿರಲಿಲ್ಲ ಅಮ್ಮಾ. ಇದನ್ನು ನಿನ್ನ ಮಗಳಾಗಿ ಹೇಳುತ್ತಿಲ್ಲ, ಇದು ನನ್ನ ಕೆಲಸ, ಗೊತ್ತಿದ್ದೇ ಹೇಳುತ್ತಿದ್ದೇನೆ. ಹಾಳೆಯ ಹಿಂದೆ ಅದೇ ಮಾತನ್ನು ತೆಲುಗು ಅಕ್ಷರದಲ್ಲಿ ಬರೆದಿದ್ದೇನೆ, ಪವಿತ್ರ ಕಲಿಸಿದಳು, ಸೊಟ್ಟಗಿದ್ದರೆ ನಗು. ನೀನು ಇಷ್ಟು ವರ್ಷದಲ್ಲಿ ಯಾರಿಗೂ ಒಂದು ಕಾಗದ ಬರೆದಿಲ್ಲ. ಇದಕ್ಕೆ ಉತ್ತರ ಬರೆ. ತೆಲುಗಿನಲ್ಲೇ ಬರೆ. ಬೆರಳಿಟ್ಟುಕೊಂಡಾದರೂ ನಾನು ಓದುತ್ತೇನೆ.